ಕಾಡು ಗುಡಿಸಿದ ಸರ್ವಮಂಗಳಮ್ಮ

ಮಾದೇನಹಳ್ಳಿಯ ಪಟೇಲರ ಮನೆತನದ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಸರ್ವಮಂಗಳಮ್ಮನವರನ್ನು ಜನ ತಪ್ಪು ತಿಳಿಯುತ್ತಾರೆ.

ಆ ಮನೆಯವರು ಸುಳ್ಳು ಸಾಕ್ಷಿ ಹೇಳಿದವರಲ್ಲ. ಸಂತೆಯಲ್ಲಿ ನಿಂತು ತಿಂದವರಲ್ಲ. ಅವರ ಮುತ್ತಜ್ಜ ಊರ ಮುಂದಿನ ಕೂಡುರಸ್ತೆಯಲ್ಲಿ ಅರವಟ್ಟಿಗೆ ಇಟ್ಟಿದ್ದರು. ದಾರಿಹೋಕರಿಗೆ ನೀರು, ಮಜ್ಜಿಗೆ, ಬೆಲ್ಲದ ಪಾನಕ. ಕುಡಿಯುವವನ ಹೆಸರು ಕೇಳಬಾರದು, ಜಾತಿ ಕೇಳಬಾರದು ಎಂಬುದು ಅವರೇ ಮಾಡಿದ ಕಟ್ಟಳೆ. ಅಜ್ಜನ ಕಾಲದಲ್ಲಿ ಅದು ನಡೆಯಿತು, ಅಪ್ಪನ ಕಾಲದಲ್ಲೂ ನಡೆಯಿತು. ಒಮ್ಮೆ ಅಮಲ್ದಾರರು ಕುದುರೆ ಇಳಿದು ಅಲ್ಲಿ ಪಾನಕ ಕುಡಿದರೆಂದು ಊರವರು ಹೇಳುತ್ತಾರೆ. ಇನ್ನೊಂದು ಲೋಟ ಕೇಳಿ ಕುಡಿದರೆಂದು ಮನೆಯವರು ಹೇಳುತ್ತಾರೆ.

ಅಂಥ ಮನೆಯ ಒಬ್ಬಳೇ ಮಗಳು ಸರ್ವಮಂಗಳಮ್ಮ. ಪೇಟೆಯ ಕಾನ್ವೆಂಟಿನಲ್ಲಿ ಓದಿದವರು. ಬೆನ್ನು ನೆಟ್ಟಗಿರಬೇಕು, ಉಗುರು ಚೊಕ್ಕಟವಾಗಿರಬೇಕು, ಕೇಳಿದ ಪ್ರಶ್ನೆಗೆ ಪೂರ್ಣ ವಾಕ್ಯದಲ್ಲಿ ಉತ್ತರ ಹೇಳಬೇಕು ಎಂದು ಅಲ್ಲಿಯ ಮದರ್ ಕಲಿಸಿದ್ದನ್ನು ಅವರು ಒಂದು ದಿನವೂ ಮರೆತವರಲ್ಲ.

ಹೊಸ ರಸ್ತೆ ಊರನ್ನು ಬಳಸಿಕೊಂಡು ಹೋಯಿತು. ಹಳೆಯ ಕೂಡುರಸ್ತೆಯಲ್ಲಿ ದಾರಿಹೋಕರೇ ಇಲ್ಲವಾದರು. ಅರವಟ್ಟಿಗೆ ನಿಂತಿತು. ಗಂಡ ತೀರಿಕೊಂಡ ಮೇಲೆ ಸರ್ವಮಂಗಳಮ್ಮ ವೇದಾವತಿಯ ದಂಡೆಯಲ್ಲಿದ್ದ ಆಶ್ರಮಕ್ಕೆ ಬಂದರು.

ಜ್ಞಾನಕ್ಕಾಗಿ ಬಂದೆ ಎಂದರು. ಅದು ಸುಳ್ಳಲ್ಲ. ಆದರೆ ಆಶ್ರಮದ ಮುಂದೆ ಒಂದು ಅರವಟ್ಟಿಗೆ ಇತ್ತು. ಅದರ ಸೌಟು ತಮ್ಮ ಕೈಗೆ ಬರಬೇಕು, ಮನೆತನದ ಕೆಲಸ ತಮ್ಮೊಂದಿಗೆ ಮುಗಿದುಹೋಗಬಾರದು ಎಂಬುದು ಅದಕ್ಕಿಂತ ದೊಡ್ಡ ನಿಜ.

ಸೌಟು ಆಗ ಗೂಳಪ್ಪನ ಕೈಯಲ್ಲಿತ್ತು. ಗೂಳಪ್ಪ ಮೊದಲು ಲಾರಿ ಓಡಿಸುತ್ತಿದ್ದವನು. ಈಗ ಬಾಯಿ ಓಡಿಸುತ್ತಿದ್ದ. ಒಂದು ಲೋಟ ಮಜ್ಜಿಗೆ ಕೊಡುವಷ್ಟರಲ್ಲಿ ಮೂರು ಊರಿನ ಸುದ್ದಿ ಹೇಳುತ್ತಿದ್ದ.

ಸರ್ವಮಂಗಳಮ್ಮ ನಿಂತು ನೋಡಿದರು.

“ಗೂಳಪ್ಪನವರೇ, ಆ ಟವೆಲ್ಲಿನಿಂದ ನೀವು ಬೆವರು ಒರೆಸಿಕೊಂಡಿರಿ. ಅದೇ ಟವೆಲ್ಲಿನಿಂದ ಲೋಟ ಒರೆಸಿದಿರಿ.”

“ಎರಡೂ ಒಣಗಿದ್ವಲ್ಲ ಅಮ್ಮಾರೇ.”

ಅವರು ನೇರವಾಗಿ ಗುರುಗಳ ಬಳಿಗೆ ಹೋದರು. ಆಶ್ರಮದವರೆಲ್ಲ ಗುರುಗಳನ್ನು ಅಜ್ಜಯ್ಯ ಎನ್ನುತ್ತಿದ್ದರು. ಅದು ಸಲಿಗೆಯಾಯಿತೆಂದು ಸರ್ವಮಂಗಳಮ್ಮ ಮಾತ್ರ ಗುರುಗಳೇ ಎನ್ನುತ್ತಿದ್ದರು.

ಗುರುಗಳು ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

“ಗುರುಗಳೇ, ಅರವಟ್ಟಿಗೆಯನ್ನು ನನಗೆ ಒಪ್ಪಿಸಬೇಕು.”

“ಗೂಳಪ್ಪ ಏನು ಮಾಡಿದ?”

“ಏನು ಮಾಡುವುದಿಲ್ಲ ಎಂದು ಕೇಳಿ. ಅವರು ಲೋಟ ತೊಳೆಯುವುದಿಲ್ಲ.”

ಗುರುಗಳು ಒಂದು ಬೀಜವನ್ನು ಅಂಗಳಕ್ಕೆ ಎಸೆದರು. ಅದು ಎಲ್ಲಿ ಬಿತ್ತೆಂದು ಸರ್ವಮಂಗಳಮ್ಮ ಗಮನಿಸಿಕೊಂಡರು, ಆಮೇಲೆ ಎತ್ತಬೇಕಲ್ಲ.

“ಶಿವರಾತ್ರಿ ಕಳೆಯಲಿ. ಬಿಸಿಲು ಏರುತ್ತದೆ, ಜನ ಹೆಚ್ಚುತ್ತಾರೆ. ಆಗ ನೋಡೋಣ. ಅಲ್ಲಿಯವರೆಗೆ ಹಿಂದಿನ ಗುಡ್ಡದ ಕಾಡಿದೆಯಲ್ಲ, ಅದರ ಆರೈಕೆ ನಿನ್ನದು. ಅದನ್ನು ಕಲಿತರೆ ಸೌಟು ಕೊಡುತ್ತೇನೆ.”

“ಆರೈಕೆ ಎಂದರೆ ಏನೇನು ಮಾಡಬೇಕು?”

“ಏನು ಮಾಡಬೇಕು ಅಂತ ನಿನಗೆ ಅನಿಸುತ್ತದೆ?”

ಇದೆಂಥ ಪ್ರಶ್ನೆ! ಪಟೇಲರ ಮನೆಯ ಹೆಣ್ಣುಮಗಳಿಗೆ ಆರೈಕೆ ಹೇಳಿಕೊಡಬೇಕೆ? ಅವರು ಸೆರಗು ಸಿಕ್ಕಿಸಿಕೊಂಡು ಗುಡ್ಡ ಹತ್ತಿದರು.

ಕಾಡನ್ನು ನೋಡಿ ಅವರಿಗೆ ನಾಚಿಕೆಯಾಯಿತು.

ಬೇವು, ಹೊಂಗೆ, ಕಕ್ಕೆ, ಮುತ್ತುಗ, ಸೀತಾಫಲ, ಎಲ್ಲ ಒಂದರ ಮೈಮೇಲೊಂದು ಬಿದ್ದು ಬೆಳೆದಿದ್ದವು. ಕಾಲು ಹೂತುಹೋಗುವಷ್ಟು ತರಗೆಲೆ. ಯಾರ ಅಪ್ಪಣೆಯೂ ಇಲ್ಲದೆ ಮರ ಹತ್ತಿದ ಬಳ್ಳಿಗಳು. ಬಿದ್ದ ಕೊಂಬೆ ಬಿದ್ದಲ್ಲೇ ಕೊಳೆಯುತ್ತಿತ್ತು. ಹರಟೆಮಲ್ಲ ಹಕ್ಕಿಗಳ ಒಂದು ಹಿಂಡು ನೆಲದ ಎಲೆ ಕೆದಕುತ್ತ, ಒಂದಕ್ಕೊಂದು ಬೈಯುತ್ತ ಓಡಾಡುತ್ತಿತ್ತು.

“ಇದನ್ನು ಇಷ್ಟು ದಿನ ಯಾರೂ ಗುಡಿಸಿಲ್ಲವೇ?” ಎಂದು ಅವರು ಗಟ್ಟಿಯಾಗಿಯೇ ಕೇಳಿದರು.

ಮರುದಿನದಿಂದ ತೆಂಗಿನ ಕಡ್ಡಿಯ ಪೊರಕೆ ಹಿಡಿದು ಕಾಡು ಗುಡಿಸತೊಡಗಿದರು.

ತರಗೆಲೆಯನ್ನು ರಾಶಿ ಮಾಡಿ ಸುಟ್ಟರು. ಬಳ್ಳಿಗಳನ್ನು ಕಿತ್ತರು. ಕೊಂಬೆಗಳನ್ನು ಅಡುಗೆಮನೆಯ ಒಲೆಗೆ ಸಾಗಿಸಿದರು. ದೊಡ್ಡ ಮರಗಳಿಗೆಲ್ಲ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದರು. ಹುತ್ತವನ್ನು ಮಾತ್ರ ಮುಟ್ಟಲಿಲ್ಲ, ಮನೆತನಸ್ಥರು ಅಂಥ ಕೆಲಸ ಮಾಡುವುದಿಲ್ಲ. ಸುತ್ತ ಸಗಣಿ ಸಾರಿಸಿ ರಂಗೋಲಿ ಹಾಕಿದರು.

ಗೂಳಪ್ಪ ಒಂದು ದಿನ ಬೀಡಿ ಸೇದಲು ಅತ್ತ ಬಂದವನು ಬೀಡಿ ಹಚ್ಚುವುದನ್ನೇ ಮರೆತ.

“ಅಮ್ಮಾರೇ, ಮದುವೆ ಯಾರದು?”

“ಯಾವ ಮದುವೆ?”

“ಮರಗಳೆಲ್ಲ ಚಪ್ಪರದ ಕಂಬದಂಗೆ ನಿಂತವಲ್ಲ, ಅದಕ್ಕೇ ಕೇಳಿದೆ.”

“ಬೀಡಿಯ ಬೂದಿ ಕೆಳಗೆ ಬೀಳಬಾರದು,” ಎಂದರು ಸರ್ವಮಂಗಳಮ್ಮ.

ಶಿವರಾತ್ರಿ ಕಳೆಯಿತು. ಗುರುಗಳು ಕಾಡು ನೋಡಲು ಬಂದರು. ಇನ್‌ಸ್ಪೆಕ್ಟರು ಶಾಲೆಗೆ ಬಂದ ದಿನ ಮಕ್ಕಳು ನಿಲ್ಲುವಂತೆ ಸರ್ವಮಂಗಳಮ್ಮ ನೆಟ್ಟಗೆ ನಿಂತರು.

“ಗುರುಗಳೇ, ನೆಲದ ಮೇಲೆ ಒಂದು ಎಲೆ ತೋರಿಸಿ.”

ಗುರುಗಳು ಹುಡುಕಿದರು. “ಒಂದೂ ಇಲ್ಲ ತಾಯಿ.”

“ಮರಗಳು ಸಾಲಾಗಿಲ್ಲ. ಅದಕ್ಕೆ ನಾನು ಹೊಣೆಯಲ್ಲ. ನೆಟ್ಟವರ ತಪ್ಪು.”

“ನೆಟ್ಟವನು ನಾನೇ.”

ಸರ್ವಮಂಗಳಮ್ಮ ಒಂದು ಕ್ಷಣ ಯೋಚಿಸಿದರು. “ಆಗ ನಿಮಗೂ ವಯಸ್ಸು ಚಿಕ್ಕದಿರಬೇಕು,” ಎಂದು ದೊಡ್ಡ ಮನಸ್ಸು ಮಾಡಿದರು.

ಗುರುಗಳು ಕೂತು ನೆಲಕ್ಕೆ ಅಂಗೈ ಒತ್ತಿದರು. ನೆಲ ಒಕ್ಕಣೆಯ ಕಣದಂತೆ ಗಟ್ಟಿಯಾಗಿತ್ತು. ಕಾದಿತ್ತು.

“ಇಲ್ಲಿ ಹರಟೆಮಲ್ಲ ಹಕ್ಕಿಗಳಿದ್ದವಲ್ಲ?”

“ಇದ್ದವು ಗುರುಗಳೇ. ವಿಪರೀತ ಗಲಾಟೆ. ಈಗ ಹೋದವು.”

ಗುರುಗಳು ಎದ್ದು ಮೈ ಕೊಡವಿಕೊಂಡರು. “ಪೊರಕೆ ಚೆನ್ನಾಗಿದೆ. ನನಗೆ ಕೊಡು,” ಎಂದರು.

ಮರುದಿನ ಬೆಳಿಗ್ಗೆ ಸರ್ವಮಂಗಳಮ್ಮ ನದಿಯಲ್ಲಿ ಸ್ನಾನ ಮುಗಿಸಿ ಬಂದರೆ ಅವರ ಕೋಣೆ ಖಾಲಿಯಾಗಿತ್ತು. ಬರೀ ನಾಲ್ಕು ಗೋಡೆ. ಗುರುಗಳು ಒಳಗೆ ಕೂತು ಗೋಡೆಗೆ ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಿದ್ದರು. ಪಟ್ಟೆ ಡೊಂಕಾಗಿತ್ತು.

“ಗುರುಗಳೇ! ನನ್ನ ಹಾಸಿಗೆ ಎಲ್ಲಿ?”

“ನೆಲದ ಮೇಲೆ ಬಿದ್ದಿತ್ತು. ಗುಡಿಸಿದೆ.”

“ನನ್ನ ಕಂಬಳಿ?”

“ಅದೂ ಬಿದ್ದಿತ್ತು.”

“ಕೋಡುಬಳೆಯ ಡಬ್ಬಿ?”

“ಅದರ ಸುತ್ತ ಇರುವೆಗಳ ವಿಪರೀತ ಗಲಾಟೆ. ಈಗ ಹೋದವು.”

“ನಾನು ಯಾವುದರ ಮೇಲೆ ಮಲಗಲಿ? ಏನು ಹೊದೆಯಲಿ? ಏನು ತಿನ್ನಲಿ?”

ಗುರುಗಳು ಕೆಮ್ಮಣ್ಣಿನ ಕೈಯನ್ನು ಎತ್ತಿ ಸುತ್ತಲೂ ತೋರಿಸಿದರು. “ಒಂದು ಕಸ ತೋರಿಸು ತಾಯಿ.”

ಸರ್ವಮಂಗಳಮ್ಮ ಒದ್ದೆ ಸೀರೆಯ ಗಂಟನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ನಿಂತರು. ಆಮೇಲೆ ಅದನ್ನು ಹೊಸ್ತಿಲ ಮೇಲಿಟ್ಟು, ಉರಿಬಿಸಿಲಿನಲ್ಲಿ ಗುಡ್ಡ ಹತ್ತಿದರು. ಅಲ್ಲಿ ಚಪ್ಪಲಿ ಬಿಟ್ಟು ನೆಲದ ಮೇಲೆ ಕಾಲಿಟ್ಟರು.

ತಟ್ಟನೆ ಕಾಲು ಎತ್ತಿಕೊಂಡರು.

ಅವರು ಅಳಲಿಲ್ಲ. ಪಟೇಲರ ಮನೆಯವರು ಬಯಲಿನಲ್ಲಿ ಅಳುವುದಿಲ್ಲ.

ಆದರೆ ಮರುದಿನ ಆಶ್ರಮದ ಪಕ್ಕದ ಊರವರು ಒಂದು ವಿಚಿತ್ರ ಕಂಡರು. ಮಾದೇನಹಳ್ಳಿ ಪಟೇಲರ ಮಗಳು ತಲೆಯ ಮೇಲೆ ಮಂಕರಿ ಹೊತ್ತು ಬೀದಿ ಬೀದಿ ತಿರುಗಿ, ಅರಳಿಕಟ್ಟೆಯ ಕೆಳಗಿನ ಎಲೆ, ಹಿತ್ತಿಲುಗಳ ಎಲೆ, ಶಾಲೆಯ ಮೈದಾನದ ಎಲೆ, ಎಲ್ಲ ಬಾಚಿಕೊಂಡು ಗುಡ್ಡ ಹತ್ತುತ್ತಿದ್ದರು.

“ಏನಮ್ಮಾ, ನಮ್ಮನೆ ಕಸ ನಿಮಗ್ಯಾಕೆ?” ಎಂದು ಒಬ್ಬ ಹೆಂಗಸು ಕೇಳಿದಳು.

“ಇದು ಕಸವಲ್ಲ. ಹಾಸಿಗೆ,” ಎಂದರು ಸರ್ವಮಂಗಳಮ್ಮ. ಆ ಹೆಂಗಸು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಎಲೆ ಹರಡಿದ್ದಾಯಿತು. ಆಮೇಲೆ ಅವರು ಕಾಡಿನಲ್ಲಿ ಏನನ್ನೂ ಮುಟ್ಟಲಿಲ್ಲ. ದಿನಾ ಹೋಗಿ ಒಂದು ಕಲ್ಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಕಣ್ಣೆದುರು ಕಡ್ಡಿ ಬಿದ್ದರೂ ಎತ್ತುತ್ತಿರಲಿಲ್ಲ. ಬಳ್ಳಿಯೊಂದು ಅವರ ಕಲ್ಲನ್ನೇ ಹತ್ತಿತು. ಅವರು ಸ್ವಲ್ಪ ಸರಿದು ಕೂತರು. ಏನೂ ಮಾಡದಿರುವ ಕೆಲಸವನ್ನು ಅವರಷ್ಟು ಅಚ್ಚುಕಟ್ಟಾಗಿ ಆ ಆಶ್ರಮದಲ್ಲಿ ಇನ್ನಾರೂ ಮಾಡಿರಲಿಲ್ಲ.

ಹಾಗೆ ಕೂತಿದ್ದಾಗ ಒಂದು ದಿನ ಹರಟೆಮಲ್ಲಗಳು ಹಿಂತಿರುಗಿ ಬಂದು, ಎಲೆ ಕೆದಕಿ, ಅವರನ್ನು ಚೆನ್ನಾಗಿ ಬೈದವು. ಅವರು ಎದುರು ಮಾತಾಡಲಿಲ್ಲ.

ಅವರ ಹಾಸಿಗೆಯೂ ಹಿಂದಕ್ಕೆ ಬಂತು. ಗೂಳಪ್ಪ ಅದರ ಮೇಲೆ ಮಲಗುತ್ತಿದ್ದನಂತೆ. “ಬಲು ಮೆತ್ತಗೈತೆ ಅಮ್ಮಾರೇ,” ಎಂದ. ಕೋಡುಬಳೆ ಹಿಂದಕ್ಕೆ ಬರಲಿಲ್ಲ.

ಗುರುಗಳು ಕರೆದರು.

“ಏನು ಕಲಿತೆ?”

“ಸುಮ್ಮನೆ ಬಿಡುವುದೇ ಆರೈಕೆ ಎಂದು ಕಲಿತೆ, ಗುರುಗಳೇ.”

ಗುರುಗಳು ಗಡ್ಡ ಕೆರೆದುಕೊಂಡರು. “ಸರಿ. ನಾಳೆಯಿಂದ ಸೌಟು ನಿನ್ನದು,” ಎಂದರು.

ಮರುದಿನ ಅರವಟ್ಟಿಗೆಯನ್ನು ನೋಡಬೇಕಿತ್ತು. ಲೋಟಗಳಲ್ಲಿ ಮುಖ ಕಾಣುತ್ತಿತ್ತು. ಮಡಕೆಗಳಿಗೆ ಒದ್ದೆ ಬಟ್ಟೆ ಸುತ್ತಿತ್ತು. ಮಜ್ಜಿಗೆಗೆ ಕರಿಬೇವು, ಶುಂಠಿ, ಹದವಾದ ಉಪ್ಪು. ಮಡಕೆಯ ಪಕ್ಕದಲ್ಲಿ ಸೌಟು. ಸೌಟಿನ ಪಕ್ಕದಲ್ಲಿ ಸರ್ವಮಂಗಳಮ್ಮ, ಕೈ ಕಟ್ಟಿಕೊಂಡು.

ಬಿಸಿಲಿನಲ್ಲಿ ಸೈಕಲ್ ತುಳಿದುಕೊಂಡು ಬಂದವನೊಬ್ಬ ಇಳಿದ. ಕಾದ. ಸರ್ವಮಂಗಳಮ್ಮ ಅವನನ್ನು ಪ್ರೀತಿಯಿಂದ ನೋಡಿದರು.

“ಅಮ್ಮಾ, ಮಜ್ಜಿಗೆ ಐತಾ?”

“ಇದೆ.”

ಅವನು ಇನ್ನೂ ಸ್ವಲ್ಪ ಕಾದ. “ಕೊಡ್ತೀರಾ?”

“ಮಜ್ಜಿಗೆ ಅಲ್ಲಿದೆ. ನೀವು ಇಲ್ಲಿದ್ದೀರಿ. ನಡುವೆ ನಾನು ಬರುವುದಿಲ್ಲ.”

ಅವನು ಅವರ ಮುಖವನ್ನೂ ಮಡಕೆಯನ್ನೂ ನೋಡಿ, ಮೆಲ್ಲನೆ ಲೋಟವನ್ನೇ ಮಡಕೆಯೊಳಗೆ ಅದ್ದಿದ. ಬೆರಳೂ ಮುಳುಗಿತು. ಸರ್ವಮಂಗಳಮ್ಮ ಕಣ್ಣು ಮುಚ್ಚಿಕೊಂಡರು. ಆದರೂ ಏಳಲಿಲ್ಲ. ಕಾಡಿನಲ್ಲಿ ಕಲಿತ ವಿದ್ಯೆ ಅಷ್ಟು ಗಟ್ಟಿಯಾಗಿತ್ತು.

ಬೇವಿನ ನೆರಳಿನಲ್ಲಿ ಕೂತಿದ್ದ ಗೂಳಪ್ಪನಿಗೆ ಬಹಳ ದಿನಗಳ ಮೇಲೆ ಇಂಥ ಸುಖ ಸಿಕ್ಕಿತ್ತು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಮುದುಕಿ ಬಂದಳು. ಮಗಳ ಬಾಣಂತನಕ್ಕೆ ಹೊರಟವಳು. ಬಗಲಲ್ಲಿ ಒಂದು ಗಂಟು. ಅರವಟ್ಟಿಗೆಯ ಕಟ್ಟೆಯ ಕೆಳಗೇ ಕುಸಿದು ಕೂತಳು. ತುಟಿ ಒಣಗಿತ್ತು.

“ಅವ್ವಾ, ಒಂದೀಟು ನೀರು.”

ಸರ್ವಮಂಗಳಮ್ಮನವರ ಬಲಗೈ ತಾನಾಗಿ ಸೌಟಿನ ಕಡೆಗೆ ಹೋಯಿತು. ಮುತ್ತಜ್ಜನ ಕಾಲದಿಂದ ಬಂದ ಅಭ್ಯಾಸ. ಅವರು ಎಡಗೈಯಿಂದ ಅದನ್ನು ಹಿಡಿದು ಮಡಿಲಿಗೆ ತಂದರು.

“ಅಜ್ಜೀ, ಬೇರು ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ.”

“ನಂಗೆ ಬೇರಿಲ್ಲವ್ವಾ. ಮೊಣಕಾಲದಾವೆ. ಅವೂ ಏಳವಲ್ಲವು.”

ಸರ್ವಮಂಗಳಮ್ಮ ತುಟಿ ಕಚ್ಚಿದರು. ಕೈ ಇನ್ನೂ ಬಿಗಿಯಾಗಿ ಹಿಡಿದರು. ಮುದುಕಿ ಕಟ್ಟೆಗೆ ಕೈಯೂರಿ ಏಳಲು ನೋಡಿದಳು, ಆಗಲಿಲ್ಲ. ಇನ್ನೊಮ್ಮೆ ನೋಡಿದಳು. ತಲೆ ಕಟ್ಟೆಗೆ ಒರಗಿತು.

ಗೂಳಪ್ಪನ ನಗು ನಿಂತಿತು. “ಅಜ್ಜಯ್ಯಾ! ಅಜ್ಜಯ್ಯಾ!” ಎಂದು ಕೂಗುತ್ತ ಒಳಕ್ಕೆ ಓಡಿದ.

ಗುರುಗಳು ಬಂದರು. ಒಂದು ಲೋಟ ನೀರು ತುಂಬಿಕೊಂಡು ಮುದುಕಿಯ ಪಕ್ಕದಲ್ಲಿ ಮಣ್ಣಿನಲ್ಲೇ ಕೂತರು. ಅವಳ ಕತ್ತಿನ ಕೆಳಗೆ ಕೈ ಕೊಟ್ಟು, ಲೋಟವನ್ನು ತುಟಿಗೆ ಹಿಡಿದರು. ಗುಟುಕು ಗುಟುಕಾಗಿ ಕುಡಿಸಿದರು. ಅವಳು ಸಾಕು ಎಂದಾಗ ನಿಲ್ಲಿಸಿದರು. ಕಣ್ಣು ಬಿಟ್ಟು ಮಡಕೆಯ ಕಡೆಗೆ ನೋಡಿದಾಗ ಮಜ್ಜಿಗೆ ತಂದರು.

ಮುದುಕಿಗೆ ಉಸಿರು ಬಂತು. ಉಸಿರಿನ ಹಿಂದೆಯೇ ಮಾತೂ ಬಂತು.

“ಆ ಅಮ್ಮಂಗೆ ಏನಾಗೈತೆ ಸ್ವಾಮೀ? ಕೈಗೆ ಲಕ್ವ ಹೊಡೆದೈತಾ?”

“ಇಲ್ಲ.”

“ಮತ್ತೆ?”

“ಕಲಿತದ್ದು ಸ್ವಲ್ಪ ಹೆಚ್ಚಾಗಿದೆ.”

“ಅಯ್ಯೋ ಪಾಪ,” ಎಂದಳು ಮುದುಕಿ. “ನಮ್ಮೂರಾಗೂ ಒಬ್ಬನಿಗೆ ಹಂಗೇ ಆಗಿತ್ತು.”

ಸರ್ವಮಂಗಳಮ್ಮ ಎದ್ದು ನಿಂತರು. ಮುಖ ಕೆಂಪಾಗಿತ್ತು.

“ಗುರುಗಳೇ, ನಾನು ಗುಡಿಸಿದೆ. ತಪ್ಪು ಎಂದಿರಿ. ಕೈ ಕಟ್ಟಿ ಕೂತೆ. ಅದೂ ತಪ್ಪಾಯಿತು. ನಾನು ಸೋಮಾರಿಯಲ್ಲ. ಮೋಸಗಾರಳಲ್ಲ. ಹೇಳಿದ್ದನ್ನು ಅಕ್ಷರಶಃ ಮಾಡಿದ್ದೇನೆ. ಹಾಗಾದರೆ ಆರೈಕೆ ಎಂದರೆ ಯಾವುದು? ಮುಟ್ಟುವುದೋ, ಬಿಡುವುದೋ? ಇವತ್ತು ನೀವು ಹೇಳಲೇಬೇಕು.”

ಗುರುಗಳು ಮುದುಕಿಯ ಕಡೆಗೆ ನೋಡಿದರು. ಮುದುಕಿ ಗಂಟನ್ನು ಬಗಲಿಗೆ ಏರಿಸಿಕೊಳ್ಳುತ್ತಿದ್ದಳು. ಗೂಳಪ್ಪ ಅವಳಿಗೆ ಕೈ ಕೊಟ್ಟು ಎಬ್ಬಿಸುತ್ತಿದ್ದ.

“ಗುರುಗಳೇ, ನಾನು ಪ್ರಶ್ನೆ ಕೇಳಿದ್ದೇನೆ.”

“ಕೇಳಿಸಿತು. ಅಜ್ಜಿ ಹೊರಡುತ್ತಿದ್ದಾಳೆ. ಹೋಗಿ ಕ್ಷಮೆ ಕೇಳು.”