ಒಂದೇ ಕೈಯವರ ಸೈಕಲ್ಲು

"ಮೇಷ್ಟ್ರೇ, ಮನೆಯ ಜಂಜಾಟವೆಲ್ಲ ಮುಗಿದು, ಬಿಡುವಾದ ಮೇಲೆ ಬಂದು ಕಲಿತರೆ ಆಗುವುದಿಲ್ಲವೇ?" ಎಂದು ಸರ್ವಮಂಗಳ ಕೇಳಿದಳು.

ಕೇಳಿದ್ದು ಪ್ರಶ್ನೆಯ ಹಾಗಿತ್ತು. ನಿಜವಾಗಿ ಅವಳು ಬಂದದ್ದು ಪಾಠ ಬಿಡುತ್ತೇನೆಂದು ಹೇಳುವುದಕ್ಕೆ. ಸಿದ್ಧವೀರಯ್ಯ ಮೇಷ್ಟ್ರ ಬಳಿ ಅವಳು ಹಳೆಯ ಕಾವ್ಯದ ಪದ್ಯಗಳನ್ನು ರಾಗವಾಗಿ ಓದುವುದನ್ನು ಕಲಿಯುತ್ತಿದ್ದಳು. ಈಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು. ಮಗಳು ಇನ್ನೂ ಚಿಕ್ಕವಳು. ಬ್ಯಾಂಕಿನ ಕೆಲಸ ಬಿಡುವಂತಿಲ್ಲ. ಬಿಡಬಹುದಾದದ್ದು ಇದೊಂದೇ. ಅವಳಿಗಾಗಿ ಅವಳು ಇಟ್ಟುಕೊಂಡದ್ದೂ ಇದೊಂದೇ.

ಮೇಷ್ಟ್ರ ಪಾಠ ನಡೆಯುತ್ತಿದ್ದುದು ಭಜನೆ ಮಂದಿರದ ಜಗಲಿಯಲ್ಲಿ. ಎದುರಿನ ಅಂಗಡಿಯಿಂದ ಆಗಷ್ಟೇ ಎರಡು ಟೀ ಬಂದಿತ್ತು. ಸರ್ವಮಂಗಳಳ ಒಂದು ಕೈಯಲ್ಲಿ ಅತ್ತೆಯ ಔಷಧಿಯ ಚೀಲ, ಇನ್ನೊಂದರಲ್ಲಿ ಟೀ ಲೋಟ. ಮೇಷ್ಟ್ರು ಒಂದು ಗುಟುಕು ಕುಡಿದು ಮೀಸೆ ಒರೆಸಿಕೊಂಡರು.

"ಮಡಚುವ ಬ್ಯಾಟರಿ ಸೈಕಲ್ಲನ್ನು ಇಡೀ ಲೋಕದಲ್ಲಿ ಮೊಟ್ಟಮೊದಲು ಮಾಡಿದವನು ನಾನೇ, ಗೊತ್ತೇನು ತಾಯಿ?" ಎಂದರು.

ಸರ್ವಮಂಗಳ ಕಣ್ಣರಳಿಸಿದಳು.

"ಸುಳ್ಳು," ಎಂದರು ಮೇಷ್ಟ್ರು. "ನನಗೆ ಕೊಡೆ ಮಡಚುವುದಕ್ಕೇ ಬರುವುದಿಲ್ಲ. ಮಾಡಿದವನು ಬೇರೊಬ್ಬ. ಆದರೆ ಅವನ ಕತೆ ಹೇಳುವವನು ನಾನು. ಹಾಗಾಗಿ ಅರ್ಧ ಕೀರ್ತಿ ನನಗೆ ಬರಬೇಕು." ಹೀಗೆಂದು ಕಾಲು ಮಡಚಿ ಕುಳಿತು ಕತೆ ಶುರುಮಾಡಿದರು.

ಒಂದು ಪಟ್ಟಣದಲ್ಲಿ ಒಬ್ಬ ಯಂತ್ರಗಾರನಿದ್ದ. ಆ ಪಟ್ಟಣದ ಜನ ದಿನ ಬೆಳಗಾದರೆ ರೈಲು ಹಿಡಿದು ಕೆಲಸಕ್ಕೆ ಹೋಗುವವರು. ಮನೆಯಿಂದ ರೈಲು ನಿಲ್ದಾಣ ದೂರ. ಆ ಕಡೆ ಇಳಿದರೆ ಆಫೀಸು ದೂರ. ನಡುವಿನ ರೈಲಿನಲ್ಲಿ ಕಾಲಿಡುವುದಕ್ಕೆ ಜಾಗವಿಲ್ಲ. ಯಂತ್ರಗಾರ ಇದನ್ನು ನೋಡಿ ನೋಡಿ ಒಂದು ಯೋಚನೆ ಮಾಡಿದ. ಇವರಿಗೊಂದು ಸೈಕಲ್ಲು ಬೇಕು. ಬೆವರು ಸುರಿಸದೆ ಹೋಗುವ ಹಾಗೆ ಅದು ಬ್ಯಾಟರಿಯಲ್ಲಿ ಓಡಬೇಕು. ರೈಲು ಬಂದಾಗ ಮಡಚಿಕೊಂಡು ಸೀಟಿನ ಕೆಳಗೆ ಸೇರಬೇಕು.

ಅವನು ಕಾರ್ಖಾನೆಯ ಕೆಲಸ ಬಿಟ್ಟು ಮನೆಯ ಹಿಂದಿನ ಶೆಡ್ಡಿನಲ್ಲಿ ಕುಳಿತ. ಅವನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕುಳಿತಳು. ಮನೆ ಅವಳ ಹೊಲಿಗೆಯಿಂದ ನಡೆಯಿತು.

ಯಂತ್ರಗಾರನಿಗೆ ಇದ್ದ ಶತ್ರು ಒಬ್ಬನೇ. ಅದು ಭಾರ. ಬ್ಯಾಟರಿ ದೊಡ್ಡದಾದರೆ ಸೈಕಲ್ಲನ್ನು ಎತ್ತಲಾಗದು. ಚಿಕ್ಕದಾದರೆ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ಕೊಳವೆ ತೆಳುವಾದರೆ ಬಾಗುತ್ತದೆ. ದಪ್ಪವಾದರೆ ಮತ್ತೆ ಭಾರ. ಅವನು ಚಕ್ರ ಚಿಕ್ಕದು ಮಾಡಿದ. ಕೊಳವೆ ಬದಲಿಸಿದ. ಬ್ಯಾಟರಿಯನ್ನು ಮುಂದೆ ಕಟ್ಟಿ ನೋಡಿದ, ಹಿಂದೆ ಕಟ್ಟಿ ನೋಡಿದ. ಬ್ಯಾಟರಿಯನ್ನು ಬೈಯದೆ ಅವನು ಒಂದು ದಿನವೂ ಊಟಕ್ಕೆ ಕೂತದ್ದಿಲ್ಲ.

ಅಂತೂ ಸೈಕಲ್ಲು ತಯಾರಾಯಿತು. ಓಡಿದರೆ ಸದ್ದಿಲ್ಲ. ಬಲಗೈಯಲ್ಲಿ ಮುಂದಿನ ಕೊಂಡಿ, ಎಡಗೈಯಲ್ಲಿ ಹಿಂದಿನ ಕೊಂಡಿ ಹಿಡಿದು ಎರಡನ್ನೂ ಒಟ್ಟಿಗೆ ಎಳೆದರೆ ಸಾಕು, ಅಂಗಳದಲ್ಲಿ ಮುದುಡಿ ಮಲಗಿದ ನಾಯಿಯಷ್ಟು ಆಗಿಬಿಡುತ್ತಿತ್ತು. ಅವನು ಶೆಡ್ಡಿನಲ್ಲಿ ಅದನ್ನು ಮಡಚುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಮಡಚುತ್ತಿದ್ದ. ನೋಡಲು ಚಂದವಾಗಿತ್ತು.

"ಚೆನ್ನಾಗಿದೆ," ಎಂದಳು ಹೆಂಡತಿ. "ಕೊಳ್ಳುವವರು?"

"ಒಬ್ಬ ವರ್ತಕ ಬಂದು ನೋಡುತ್ತೇನೆಂದಿದ್ದಾನೆ. ಅವನು ಒಪ್ಪಿದರೆ ಇದನ್ನು ಊರಿಗೆಲ್ಲ ಮಾಡಿ ಮಾರುತ್ತಾನೆ. ಒಪ್ಪದಿದ್ದರೆ ಇದನ್ನು ಗುಜರಿಗೆ ಹಾಕಿ ನಾನು ಹಳೆಯ ಕಾರ್ಖಾನೆಗೆ ಹೋಗುತ್ತೇನೆ. ನಿನ್ನೊಬ್ಬಳನ್ನೇ ಇನ್ನೆಷ್ಟು ದುಡಿಸಲಿ?"

ಹೆಂಡತಿ ಅವನ ಅಂಗಿಯ ಕಿತ್ತುಹೋದ ಗುಂಡಿಯನ್ನು ಹೊಲಿದುಕೊಟ್ಟಳು.

ವರ್ತಕ ಪ್ಲಾಟ್‌ಫಾರಂಗೇ ಬಂದ. ರೈಲು ಹತ್ತುವವರ ಸೈಕಲ್ಲನ್ನು ರೈಲಿನ ಎದುರೇ ನೋಡಬೇಕು ಎಂಬುದು ಅವನ ಲೆಕ್ಕ. ಮನುಷ್ಯ ಒಳ್ಳೆಯವನು. ಟೀ ಮಾರುವವನು ಎದುರಾದಾಗ ಎರಡು ಟೀ ಕೊಂಡು ಒಂದನ್ನು ಯಂತ್ರಗಾರನ ಕೈಗಿಟ್ಟ.

"ರೈಲು ಬರುವ ಹೊತ್ತಾಯಿತು. ಎಲ್ಲಿ, ಮಡಚಿ ತೋರಿಸಿ," ಎಂದ.

ಯಂತ್ರಗಾರ ಲೋಟ ಹಿಡಿದು ನಿಂತ. ಎಲ್ಲಿಡುವುದು? ಬೆಂಚಿನ ತುಂಬ ಜನ. ಸೈಕಲ್ಲಿನ ಸೀಟಿನ ಮೇಲಿಟ್ಟರೆ ಜಾರುತ್ತದೆ. ವರ್ತಕನಿಗೆ ಕೊಡೋಣವೆಂದರೆ ಅವನ ಒಂದು ಕೈಯಲ್ಲಿ ಅವನ ಲೋಟ, ಇನ್ನೊಂದರಲ್ಲಿ ಚೀಲ. ಕಡೆಗೆ ನೆಲದ ಮೇಲಿಟ್ಟ. ಅಷ್ಟರಲ್ಲಿ ರೈಲು ಬಂತು. ಜನ ನುಗ್ಗಿದರು. ಯಾರದೋ ಕಾಲು ಲೋಟಕ್ಕೆ ತಾಗಿತು. ಬಿಸಿ ಟೀ ನೇರವಾಗಿ ವರ್ತಕನ ಪಾದದ ಮೇಲೆ ಬಿತ್ತು. ವರ್ತಕ ಕುಣಿದ. ಯಂತ್ರಗಾರ ಒಂದು ಕಡೆ ಕ್ಷಮೆ ಕೇಳುತ್ತ, ಇನ್ನೊಂದು ಕಡೆ ಕೊಂಡಿ ಹುಡುಕುತ್ತ ಸೈಕಲ್ಲು ಮಡಚಿದ. ಟೀ ಚೆಲ್ಲಿತ್ತು, ರೈಲು ಹೋಗಿತ್ತು, ಸೈಕಲ್ಲು ಮಾತ್ರ ಬಹಳ ಚೆನ್ನಾಗಿ ಮಡಚಿಕೊಂಡಿತ್ತು.

"ನಾನೂ ಅಲ್ಲೇ ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ," ಎಂದು ಮೇಷ್ಟ್ರು ನಡುವೆ ಸೇರಿಸಿದರು.

ವರ್ತಕ ಪಾದ ಒರೆಸಿಕೊಂಡ. ಬೈಯಲಿಲ್ಲ. "ಇದು ಎರಡೂ ಕೈ ಖಾಲಿ ಇರುವವನ ಸೈಕಲ್ಲು," ಎಂದ. "ಅಂಥವನನ್ನು ಹುಡುಕಿಕೊಂಡು ಬನ್ನಿ. ಆಮೇಲೆ ವ್ಯಾಪಾರದ ಮಾತಾಡೋಣ."

ಯಂತ್ರಗಾರ ನೇರ ಮನುಷ್ಯ. ಹುಡುಕು ಎಂದರೆ ಹುಡುಕುವವನು. ಮರುದಿನ ಬೆಳಿಗ್ಗೆ ನಿಲ್ದಾಣದ ಬಾಗಿಲಲ್ಲಿ ಹೋಗಿ ನಿಂತ. ಒಬ್ಬಳ ಕೈಯಲ್ಲಿ ಮಗು. ಒಬ್ಬನ ಕೈಯಲ್ಲಿ ಊಟದ ಡಬ್ಬಿ. ಒಬ್ಬನಿಗೆ ಕೊಡೆ, ಒಬ್ಬನಿಗೆ ಫೋನು. ಒಬ್ಬಳು ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸೀರೆಯ ನಿರಿಗೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಒಬ್ಬ ಮುದುಕರು ತಮ್ಮ ಹೆಂಡತಿಯ ಕೈ ಹಿಡಿದಿದ್ದರು. ಆ ಕೈಯನ್ನು ಬಿಡಿ ಎಂದು ಯಾರು ಹೇಳಬೇಕು?

ಹೊತ್ತು ಏರಿತು. ಕಡೆಗೂ ಒಬ್ಬ ಸಿಕ್ಕಿದ. ಎರಡೂ ಕೈಯನ್ನು ಬೀಸಿಕೊಂಡು, ಸಿಳ್ಳೆ ಹಾಕುತ್ತ ಬರುತ್ತಿದ್ದ. ಯಂತ್ರಗಾರ ಓಡಿಹೋಗಿ ಅವನನ್ನು ತಡೆದ.

"ಸ್ವಾಮಿ, ನಿಮಗೊಂದು ಸೈಕಲ್ಲು ಬೇಕೇ? ಯಾವ ಕಡೆ ಹೊರಟಿರಿ?"

"ನಾನೇ? ಯಾವ ಕಡೆಗೂ ಇಲ್ಲ. ಸುಮ್ಮನೆ ಗಾಳಿಗೆ ಬಂದೆ. ನನಗ್ಯಾಕ್ರೀ ಸೈಕಲ್ಲು?" ಎಂದು ಅವನು ನಕ್ಕು ಮುಂದೆ ಹೋದ.

ಯಂತ್ರಗಾರ ಅಲ್ಲೇ ತಲೆಯ ಮೇಲೆ ಕೈ ಹೊತ್ತು ಕುಳಿತ. ಎಲ್ಲಿಗಾದರೂ ಹೋಗಬೇಕಾದವನ ಕೈ ಖಾಲಿ ಇಲ್ಲ. ಕೈ ಖಾಲಿ ಇದ್ದವನಿಗೆ ಹೋಗಬೇಕಾದ ಜಾಗವೇ ಇಲ್ಲ. ಇಷ್ಟು ಕಾಲ ತಾನು ಸೈಕಲ್ಲು ಮಾಡಿದ್ದು ಯಾರಿಗೆ? ಶೆಡ್ಡಿನಲ್ಲಿ ಎರಡೂ ಕೈ ಬೀಸಿಕೊಂಡು ನಿಂತಿದ್ದ ತನಗೇ.

ಮನೆಗೆ ಬಂದವನೇ ಹೆಂಡತಿಯ ಹೊಲಿಗೆಯ ಚೂರು ಬಟ್ಟೆಯೊಂದನ್ನು ತೆಗೆದುಕೊಂಡು ಎಡಗೈಯನ್ನು ಬೆನ್ನಿಗೆ ಕಟ್ಟಿಸಿಕೊಂಡ. ಹಾಗೆಯೇ ಉಂಡ, ಹಾಗೆಯೇ ಬಾಗಿಲು ತೆಗೆದ, ಹಾಗೆಯೇ ಅಂಗಿ ಹಾಕಿಕೊಳ್ಳಲು ಹೋಗಿ ಗೋಡೆಗೆ ತಲೆ ಗುದ್ದಿಕೊಂಡ.

"ಯಾರು ಕೇಳಿದರೂ ನಾನು ಕಟ್ಟಿಹಾಕಿದ್ದು ಅನ್ನಬೇಡಿ ಮತ್ತೆ," ಎಂದಳು ಹೆಂಡತಿ.

ಒಂದು ಕೈಯಲ್ಲಿ ಸೈಕಲ್ಲು ಮಡಚುವುದು ಆಗಲಿಲ್ಲ. ಮುಂದಿನ ಕೊಂಡಿ ಬಿಟ್ಟರೆ ಹಿಂದಿನದು ಕಚ್ಚಿಕೊಳ್ಳುತ್ತಿತ್ತು. ಮಡಚುವುದಕ್ಕೇ ಇನ್ನೊಂದು ಮೋಟಾರು ಕೂರಿಸಿದ. ಮಡಚಿತು. ಆದರೆ ಈಗ ಅದನ್ನು ಎತ್ತಲು ಇಬ್ಬರು ಬೇಕಾಯಿತು. ಮೋಟಾರು ಕಿತ್ತು ಮೂಲೆಗೆ ಎಸೆದ. ನಾಳೆ ಹಳೆಯ ಕಾರ್ಖಾನೆಯ ಬಾಗಿಲು ತಟ್ಟುವುದೇ ಸರಿ ಎಂದುಕೊಂಡು, ಅದನ್ನು ಹೇಳಲು ಹೆಂಡತಿಯ ಹತ್ತಿರ ಬಂದ.

ಅವಳು ಹೊಲಿಯುತ್ತಿದ್ದಳು. ಬಾಯಲ್ಲಿ ಗುಂಡುಸೂಜಿ, ಎರಡೂ ಕೈ ಬಟ್ಟೆಯ ಮೇಲೆ. ಮಾತಾಡುವಂತಿರಲಿಲ್ಲ. ಸ್ವಲ್ಪ ತಾಳಿ ಎಂಬಂತೆ ತಲೆ ಆಡಿಸಿದಳು. ಅವನು ತಾಳಿದ. ನಿಂತು ನೋಡಿದ. ಇವಳಿಗೆ ಒಂದು ಕೈಯೂ ಖಾಲಿ ಇಲ್ಲ. ಆದರೂ ಯಂತ್ರ ಓಡುತ್ತಿದೆ. ಅವನ ಕಣ್ಣು ಕೆಳಗಿಳಿಯಿತು. ಅವಳ ಪಾದ ಯಂತ್ರದ ಕೆಳಗಿನ ಮೆಟ್ಟನ್ನು ತುಳಿಯುತ್ತಿತ್ತು.

ಇಷ್ಟು ವರ್ಷ ಆ ಸದ್ದು ಕೇಳಿಯೇ ಅವನು ಮಲಗಿದ್ದ, ಎದ್ದಿದ್ದ. ಆ ಪಾದವನ್ನು ನೋಡಿರಲಿಲ್ಲ.

ಅವಳು ಸೂಜಿ ತೆಗೆದು, "ಏನೋ ಹೇಳಬೇಕೆಂದು ಬಂದಿರಲ್ಲ?" ಎಂದು ಕೇಳುವಷ್ಟರಲ್ಲಿ ಅವನು ಶೆಡ್ಡಿನಲ್ಲಿದ್ದ.

ಎರಡು ಕೊಂಡಿಗಳನ್ನೂ ಕಿತ್ತುಹಾಕಿದ. ಕೆಳಗೆ ಕಾಲಿಗೆ ಸಿಗುವಂತೆ ಒಂದೇ ಮೆಟ್ಟು ಕೂರಿಸಿದ. ಅದನ್ನು ತುಳಿದರೆ ಹಿಂದಿನ ಭಾಗ ಬಿಟ್ಟುಕೊಳ್ಳಬೇಕು. ಬಿಟ್ಟುಕೊಂಡಿತು. ಆದರೆ ಅದನ್ನು ಕೆಳಕ್ಕೆ ಎಳೆಯುವವರು ಯಾರು? ಆಗ ಅವನಿಗೆ ಬ್ಯಾಟರಿ ಕಂಡಿತು. ಅದನ್ನು ತೆಗೆದು ಹಿಂಭಾಗದ ತುದಿಗೆ ಕಟ್ಟಿದ. ಮೆಟ್ಟು ತುಳಿದ. ಬ್ಯಾಟರಿ ತನ್ನ ಭಾರಕ್ಕೆ ತಾನೇ ಕೆಳಗಿಳಿಯಿತು. ಹಿಂದಿನ ಚಕ್ರ ಅದರ ಜೊತೆಗೇ ತಿರುಗಿ ಮುಂದಿನ ಚಕ್ರದ ಪಕ್ಕ ಬಂದು ಕುಳಿತು ಟಕ್ ಎಂದಿತು. ಯಾವ ಭಾರವನ್ನು ಅವನು ಅಷ್ಟು ಕಾಲ ಬೈದಿದ್ದನೋ, ಅದೇ ಈಗ ಕೈ ಮಾಡಬೇಕಾದ ಕೆಲಸವನ್ನು ಮಾಡಿತ್ತು. ಆ ದಿನ ಅವನು ಬ್ಯಾಟರಿಯನ್ನು ಬೈಯದೆ ಊಟಕ್ಕೆ ಕೂತ.

ಅವನು ಮತ್ತೆ ವರ್ತಕನನ್ನು ನಿಲ್ದಾಣಕ್ಕೆ ಕರೆಸಿದ. ವರ್ತಕ ಈ ಸಲ ಬೂಟು ಹಾಕಿಕೊಂಡು ಬಂದ.

"ಎರಡೂ ಕೈ ಖಾಲಿ ಇರುವವನು ಸಿಕ್ಕಿದನೇ?"

"ಸಿಕ್ಕಿದ. ಅವನಿಗೆ ಸೈಕಲ್ಲು ಬೇಡವಂತೆ," ಎಂದ ಯಂತ್ರಗಾರ. "ಒಂದು ಟೀ ಕೊಡಿಸಿ."

ವರ್ತಕ ಎರಡು ಹೆಜ್ಜೆ ಹಿಂದೆ ನಿಂತು ಟೀ ಕೊಡಿಸಿದ. ರೈಲು ಬಂತು. ಜನ ನುಗ್ಗಿದರು. ಯಂತ್ರಗಾರ ಲೋಟವನ್ನು ಎಡಗೈಯಲ್ಲಿ ಹಿಡಿದೇ ಇದ್ದ. ಬಲಗೈ ಹ್ಯಾಂಡಲ್ಲಿನ ಮೇಲಿತ್ತು. ಮೆಟ್ಟು ತುಳಿದ. ಟಕ್ ಎಂದಿತು. ಒಂದು ಗುಟುಕು ಟೀ ಕುಡಿದ. ಸೈಕಲ್ಲನ್ನು ಎತ್ತಿಕೊಂಡು ರೈಲು ಹತ್ತಿಬಿಟ್ಟ.

ರೈಲು ಹೊರಟಿತು. ವರ್ತಕ ಪಕ್ಕದಲ್ಲೇ ಓಡುತ್ತ ಬಂದ. "ರೀ, ಇಳೀರಿ! ವ್ಯಾಪಾರದ ಮಾತಾಡೋಣ ಇಳೀರಿ!"

"ಮುಂದಿನ ನಿಲ್ದಾಣಕ್ಕೆ ಬನ್ನಿ. ಈ ಟೀ ಮುಗಿಸುತ್ತೇನೆ," ಎಂದ ಯಂತ್ರಗಾರ ಬಾಗಿಲಲ್ಲಿ ನಿಂತು.

ವರ್ತಕ ಬಂದ. ಮಾತು ಕುದುರಿತು. ಮೊದಲ ಸೈಕಲ್ಲನ್ನು ಯಂತ್ರಗಾರನ ಹೆಂಡತಿ ತೆಗೆದುಕೊಂಡಳು. ಹೊಲಿದ ಬಟ್ಟೆಯ ಗಂಟನ್ನು ಅದರ ಹಿಂದೆ ಕಟ್ಟಿಕೊಂಡು ಪಟ್ಟಣದ ಆ ಕಡೆಯವರೆಗೂ ಹೋಗತೊಡಗಿದಳು. ರೈಲು ಬಂದಾಗ ಗಂಟು ಬಗಲಿಗೆ ಬರುತ್ತಿತ್ತು, ಸೈಕಲ್ಲು ಕಾಲ ಬಳಿ ಮುದುಡಿಕೊಳ್ಳುತ್ತಿತ್ತು.

"ಇದೆಲ್ಲ ನಾನು ಕಣ್ಣಾರೆ ಕಂಡದ್ದು. ಅದೇ ಬೋಗಿಯಲ್ಲಿದ್ದೆ," ಎಂದು ಮೇಷ್ಟ್ರು ಮುಗಿಸಿದರು.

"ಆಗ ಪ್ಲಾಟ್‌ಫಾರಂ ಬೆಂಚಿನ ಮೇಲೆ ಇದ್ದೆ ಅಂದಿರಿ?"

"ಅದು ಹಿಂದಿನ ಸಲ ತಾಯಿ. ಸುಳ್ಳು ಹೇಳುವವನಿಗೆ ಎಲ್ಲ ಕಡೆಯೂ ಜಾಗ ಸಿಗುತ್ತದೆ, ರೈಲಿನಲ್ಲೂ."

ಸರ್ವಮಂಗಳ ನಕ್ಕಳು. ಬಂದಾಗಿನಿಂದ ಅವಳು ನಕ್ಕದ್ದು ಅದೇ ಮೊದಲು. ಆಮೇಲೆ ಔಷಧಿಯ ಚೀಲವನ್ನು ನೋಡಿದಳು, ಲೋಟವನ್ನು ನೋಡಿದಳು. ನಗು ಮೆಲ್ಲಗೆ ಇಳಿಯಿತು.

"ಅವನಿಗಾದರೂ ಒಂದು ಕೈ ಖಾಲಿ ಇತ್ತು, ಮೇಷ್ಟ್ರೇ. ನನಗೆ ಎರಡರಲ್ಲೂ ಕೆಲಸ. ನಾನು ಹೇಗೆ ಕಲಿಯಲಿ?"

ಮೇಷ್ಟ್ರು ತಮ್ಮ ಖಾಲಿ ಲೋಟವನ್ನು ಅವಳ ಪಕ್ಕದಲ್ಲಿಟ್ಟು, ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಪದ್ಯ ಓದುವುದು ಬಾಯಲ್ಲಿ, ತಾಯಿ; ಕೈ ಬೇಕಾಗುವುದು ನನ್ನ ಟೀ ದುಡ್ಡು ಕೊಡುವುದಕ್ಕೆ ಮಾತ್ರ."