ಒಂಬತ್ತನೆಯ ಅದ್ದು

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಕಾವಿ ಬಟ್ಟೆಯನ್ನು ಯಾರೂ ಯಾರಿಗೂ ಕೊಡುತ್ತಿರಲಿಲ್ಲ. ಉಡಬೇಕಾದವರೇ ಬಣ್ಣ ಹಾಕಿಕೊಳ್ಳಬೇಕು.

ಹಲಸಿನ ಮರದ ಚಕ್ಕೆ ಕುದಿಸಿದ ನೀರಿನಲ್ಲಿ ಒಂಬತ್ತು ಸಲ ಅದ್ದಬೇಕು. ಪ್ರತಿ ಸಲವೂ ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆಯೇ ಮುಂದಿನ ಅದ್ದು. ಕೊನೆಗೆ ಗುರುಗಳಾದ ನೀಲಾಂಬೆಯಮ್ಮನವರು ಆ ಬಟ್ಟೆಯನ್ನು ಸೋಪಾನದ ಕಲ್ಲಿಗೆ ಕಟ್ಟಿ ಹರಿಯುವ ನೀರಿಗೆ ಬಿಡುತ್ತಿದ್ದರು. ಬಣ್ಣ ನಿಂತರೆ ದೀಕ್ಷೆ. ಹೋದರೆ ಮತ್ತೆ ಮೊದಲಿನಿಂದ.

ವಾರಿಜ ಒಂಬತ್ತು ಸಲ ಅದ್ದಿದಳು. ಎಲ್ಲವನ್ನೂ ಒಂದೇ ದಿನದಲ್ಲಿ.

ಅವಳಿಗೆ ಅವಸರವಿತ್ತು. ಹುಣ್ಣಿಮೆಗೆ ಅಮ್ಮನವರು ಕಾಲ್ನಡಿಗೆಯ ಯಾತ್ರೆಗೆ ಹೊರಡುವವರಿದ್ದರು. ದೀಕ್ಷೆಯಾದವರು ಮಾತ್ರ ಜೊತೆಗೆ. ಅಮ್ಮನವರಿಗೆ ಎಂಬತ್ತು ದಾಟಿತ್ತು. ಇನ್ನೊಂದು ಯಾತ್ರೆ ಇರಲಾರದು ಎಂದು ಎಲ್ಲರಿಗೂ ಗೊತ್ತಿತ್ತು.

"ಇಷ್ಟು ಬೇಗ ಮುಗಿಯಿತೇ?" ಎಂದರು ಅಮ್ಮನವರು.

"ಸ್ವಲ್ಪ ಫಾಸ್ಟಾಗಿ ಮಾಡಿದೆ ಅಮ್ಮ."

"ಹಾಗೆಂದರೆ?"

ವಾರಿಜ ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದವಳು. ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಈಗಿನ ಅರ್ಥ, ವೇಗವಾಗಿ ಎಂದು. ಆದರೆ ಅಮ್ಮ, ಆ ಪದದ ಮೂಲದಲ್ಲಿ ವೇಗವೇ ಇರಲಿಲ್ಲ. ಮೊದಲು ಅದಕ್ಕೆ ಭದ್ರ, ಬಿಗಿ, ಅಲುಗದ್ದು ಎಂದು ಅರ್ಥ. ಉಪವಾಸಕ್ಕೂ ಅದೇ ಪದ. ವ್ರತವನ್ನು ಬಿಗಿಯಾಗಿ ಹಿಡಿಯುತ್ತಾರಲ್ಲ, ಅದಕ್ಕೆ."

"ಅಲುಗದ್ದು ಓಡಲು ಕಲಿತದ್ದು ಹೇಗೆ?"

"ಬಿಗಿಯಾಗಿ ಎಂಬುದು ಬಲವಾಗಿ ಎಂದಾಯಿತು. ಬಲವಾಗಿ ಓಡುವುದು ಎಂದರೆ ಪಟ್ಟು ಸಡಿಲಿಸದೆ ಓಡುವುದು. ಹಾಗೆ ಓಡಿದವನೇ ವೇಗವಾಗಿ ಓಡಿದ. ಕಾಲಕ್ರಮದಲ್ಲಿ ಪಟ್ಟು ಮರೆತುಹೋಯಿತು, ವೇಗ ಉಳಿಯಿತು."

ಪಾತ್ರೆ ಉಜ್ಜುತ್ತಿದ್ದ ಬೋರಮ್ಮ ತಲೆಯೆತ್ತಿದಳು. ಅವಳೂ ದೀಕ್ಷೆಗೆಂದು ಬಟ್ಟೆ ಅದ್ದುತ್ತಿದ್ದವಳು, ಓದು ಬಾರದವಳು. ಆಶ್ರಮಕ್ಕೆ ಬರುವ ಮುಂಚೆ ಸೀರೆಯ ಗಂಟು ಹೊತ್ತು ಮನೆಮನೆಗೆ ಮಾರುತ್ತಿದ್ದವಳು.

"ನಮ್ಮ ಸೀರೆ ಯಾಪಾರದಾಗೆ ಇನ್ನೂ ಮರ್ತಿಲ್ಲ ಟೀಚರಮ್ಮ. ಫಾಸ್ಟ್ ಕಲರು ಅಂದ್ರೆ ಒಗೆದ್ರೂ ಬಿಡದ ಬಣ್ಣ. ನಿಮ್ದು ಯಾವ ಫಾಸ್ಟು? ಬಣ್ಣಕ್ಕೇನು ರೈಲು ಹಿಡಿಯೋದಿತ್ತಾ?"

"ನಿನ್ನ ಪಾತ್ರೆ ನೋಡಿಕೋ ಬೋರಮ್ಮ," ಎಂದಳು ವಾರಿಜ.

ಅಮ್ಮನವರು ಬಟ್ಟೆಯನ್ನು ಕಲ್ಲಿಗೆ ಕಟ್ಟಿ ನೀರಿಗೆ ಬಿಟ್ಟರು.

ಮೊದಲು ಹಳದಿಯ ಒಂದು ಎಳೆ ಹೊರಟಿತು. ಆಮೇಲೆ ಬಟ್ಟೆಯ ಸುತ್ತಲಿನ ನೀರೆಲ್ಲ ಹಳದಿಯಾಯಿತು. ಅಮ್ಮನವರು ಎತ್ತಿದಾಗ ಅದು ಹಳೆಯ ದಿಂಬಿನ ಚೀಲದ ಬಣ್ಣಕ್ಕೆ ಬಂದಿತ್ತು.

ವಾರಿಜ ಮುಖ ಎತ್ತಲಿಲ್ಲ. ಅವಳ ಕೈಯಿಂದ ಇಂಥ ಕಳಪೆ ಕೆಲಸ ಹಿಂದೆ ಎಂದೂ ಹೊರಬಿದ್ದಿರಲಿಲ್ಲ.

"ಒಂಬತ್ತು ಸಲ ಅದ್ದಿದ್ದೆ ಅಮ್ಮ. ಲೆಕ್ಕ ತಪ್ಪಿಲ್ಲ."

"ಅದ್ದಿದ್ದು ನೀನು. ಒಣಗುವುದು ಬಟ್ಟೆಯ ಕೆಲಸ. ಅದಕ್ಕೆ ಬಿಡುವೇ ಕೊಡಲಿಲ್ಲವಲ್ಲ."

ಅವಳು ಬೆರಳು ಮಡಚಿ ಎಣಿಸಿದಳು. ಹುಣ್ಣಿಮೆಗೆ ಹತ್ತು ದಿನ. ದಿನಕ್ಕೊಂದು ಅದ್ದು. ಸರಿಯಾಗಿ ಹೊಂದುತ್ತದೆ.

ಮರುದಿನವೇ ಶುರುಮಾಡಿದಳು. ಅದ್ದಿದಳು, ಹಿಂಡಿದಳು, ಹಗ್ಗಕ್ಕೆ ಹರಡಿದಳು. ಸಂಜೆ ಅಂಚು ಮುಟ್ಟಿ ನೋಡಿದಳು. ಮೊದಲ ದಿನ ನೂರು ಸಲ ಮುಟ್ಟಿದಳು. ಐದನೆಯ ದಿನ ಒಂದೇ ಸಲ.

ಎಂಟನೆಯ ಅದ್ದಿನ ದಿನ ಮೋಡ ಕವಿಯಿತು. ಮರುದಿನವೂ ಮೋಡ ಸರಿಯಲಿಲ್ಲ, ಗಾಳಿಯಲ್ಲೇ ತೇವವಿತ್ತು. ಬಟ್ಟೆ ಹಸಿಯಾಗಿಯೇ ತೂಗುತ್ತಿತ್ತು.

ಹುಣ್ಣಿಮೆಯ ಬೆಳಗು. ಅಮ್ಮನವರು ಬಟ್ಟೆಯ ಗಂಟು ಹೆಗಲಿಗೇರಿಸಿ, ಕೋಲು ಹಿಡಿದು ಅಂಗಳಕ್ಕೆ ಬಂದರು. ಹಿಂದೆ ಬೋರಮ್ಮ. ಅವಳ ಬಟ್ಟೆಯ ಬಣ್ಣ ನೀರಿನಲ್ಲಿ ನಿಂತು ಆಗಲೇ ಮೂರು ದಿನವಾಗಿತ್ತು.

"ಎಷ್ಟಾಯಿತು?" ಎಂದರು ಅಮ್ಮನವರು.

"ಎಂಟು."

ಬೋರಮ್ಮ ಹತ್ತಿರ ಸರಿದು ಪಿಸುಗುಟ್ಟಿದಳು. ಈ ಸಲ ದನಿಯಲ್ಲಿ ಕುಚೋದ್ಯವಿರಲಿಲ್ಲ. "ಟೀಚರಮ್ಮ, ಎಂಟು ಹಿಡಿದದೆ. ಇನ್ನೊಂದು ಈಗ್ಲೇ ಮುಳುಗಿಸಿ ತೆಗೀರಿ. ನೀರಿಗೆ ಕಟ್ಟಿದ್ರೂ ನಿಲ್ತದೆ, ಈ ಕಣ್ಣಿಗೆ ಗೊತ್ತಾಗ್ತದೆ. ನೀವಿಲ್ದೆ ದಾರಿ ಉದ್ದಕ್ಕೂ ನಾ ಯಾರನ್ನ ಕಾಡ್ಲಿ?"

ವಾರಿಜ ಒಲೆಯ ಮೇಲಿನ ಬಣ್ಣದ ನೀರನ್ನು ನೋಡಿದಳು. ಹಗ್ಗದ ಬಳಿ ಹೋಗಿ ಬಟ್ಟೆಯ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದಳು.

"ಇನ್ನೂ ಒದ್ದೆಯಿದೆ," ಎಂದಳು.

ಮತ್ತೆ ಅಮ್ಮನವರ ಕಡೆ ತಿರುಗಿ, ಬಗ್ಗಿ ಕಾಲು ಮುಟ್ಟಿದಳು. "ನೀವು ಹೊರಡಿ ಅಮ್ಮ. ಬಿಸಿಲೇರುವ ಮುಂಚೆ ಹೊಳೆ ದಾಟಬೇಕು. ಇದು ಒಣಗುವುದು ಯಾವಾಗಲೋ, ನನಗೆ ತಿಳಿಯದು."

ಅಮ್ಮನವರು ಅವಳನ್ನು ನೋಡಿದರು. ಬಟ್ಟೆಯನ್ನು ನೋಡಿದರು. ಕೋಲನ್ನು ಗೋಡೆಗೆ ಒರಗಿಸಿದರು. ಹೆಗಲಿನ ಗಂಟು ಇಳಿಸಿ, ಹಗ್ಗದ ಕೆಳಗೆ, ಒದ್ದೆ ಬಟ್ಟೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು.

"ಹಾಗಾದರೆ," ಎಂದರು, "ಇನ್ನು ಕಾಯುವ ಕೆಲಸ ನನ್ನದು."