ಉದ್ಯಾನದ ಹಿಂದಿನ ಗೋಡೆ

ಕಲ್ಮೇಶ್ವರ ಬಡಾವಣೆಯ ಉದ್ಯಾನ ಹಾಳುಬಿದ್ದಿತ್ತು. ಜೋಕಾಲಿಯ ಸರಪಳಿ ತುಕ್ಕು ಹಿಡಿದಿತ್ತು. ಜಾರುಬಂಡಿಯ ತಗಡು ಕಿತ್ತುಬಂದು ಮಕ್ಕಳ ಬಟ್ಟೆ ಹರಿಯುತ್ತಿತ್ತು. ಅದನ್ನು ಹೊಸದಾಗಿ ಕಟ್ಟಿಸುವ ಹೊಣೆ ನಿವೃತ್ತ ಹೆಡ್‌ಮಾಸ್ತರ ಶಿವಯೋಗೆಪ್ಪನವರ ಮೇಲೆ ಬಿತ್ತು.

ಮಾಸ್ತರರು ಒಳ್ಳೆಯ ಮನುಷ್ಯ. ನಾನೊಬ್ಬನೇ ಯಾಕೆ ತೀರ್ಮಾನ ಮಾಡಲಿ, ಎಲ್ಲರನ್ನೂ ಕೇಳಿಯೇ ಮಾಡುತ್ತೇನೆ ಎಂದುಕೊಂಡರು. ಹತ್ತು ದಿನ ಮನೆಮನೆಗೆ ಹೋದರು. ವಯಸ್ಸಾದವರು ನಡೆಯಲು ದಾರಿ ಬೇಕೆಂದರು. ಹೆಣ್ಣುಮಕ್ಕಳು ದೀಪ ಕೇಳಿದರು. ಚಿಕ್ಕ ಮಕ್ಕಳು ಹಾಳೆಯ ಮೇಲೆ ಜೋಕಾಲಿಯ ಚಿತ್ರ ಬರೆದುಕೊಟ್ಟರು. ಮಾಸ್ತರರು ಒಂದನ್ನೂ ಬಿಡದೆ ಬರೆದುಕೊಂಡರು.

ಉದ್ಯಾನದ ಹಿಂದೆ ಗೌಂಡಿ ಕೆಲಸದವರ ಓಣಿ ಇತ್ತು. ಹಿಂದಿನ ಗೋಡೆ ಒಂದು ಕಡೆ ಕುಸಿದಿತ್ತು. ಓಣಿಯ ಮಕ್ಕಳು ಆ ಸಂದಿಯಿಂದಲೇ ಒಳಗೆ ಬಂದು ಆಡುತ್ತಿದ್ದರು. ಆ ಓಣಿಗೆ ಮಾತ್ರ ಮಾಸ್ತರರು ಹೋಗಲಿಲ್ಲ. ಹೋಗಬಾರದೆಂದೇನೂ ಅಲ್ಲ, ಅವರಿಗೆ ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ಸಭೆ ಸೇರಿತು. "ಹಿಂದಿನ ಗೋಡಿ ಮೊದಲು ಮುಚ್ಚಸ್ರಿ. ನಾಯಿ, ದನ ಎಲ್ಲಾ ಒಳಗ ಬರ್ತಾವ" ಎಂದು ಒಬ್ಬರು ಹೇಳಿದರು. ಎಲ್ಲರೂ ಕೈ ಎತ್ತಿದರು.

ಆಗ ಬಾಗಿಲ ಹತ್ತಿರ ಹನುಮವ್ವ ನಿಂತಿದ್ದಳು. ಅವಳು ಗೌಂಡಿ ಓಣಿಯವಳು, ಬಡಾವಣೆಯ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವವಳು.

"ಸರ, ಒಂದು ಮಾತು ಹೇಳೋದಿತ್ರಿ."

ಮಾಸ್ತರರು ಗಡಿಯಾರ ನೋಡಿದರು. "ಇದು ಬಡಾವಣೆಯವರ ಸಭಾ, ಹನುಮವ್ವಾ. ಆಮ್ಯಾಲೆ ಮಾತಾಡೋಣಂತ."

ಹನುಮವ್ವ ಸ್ವಲ್ಪ ಹೊತ್ತು ನಿಂತು ಕೆಲಸಕ್ಕೆ ಹೋದಳು. ಮಾಸ್ತರರಿಗೆ ಆಮೇಲೆ ಅದು ನೆನಪಾಗಲಿಲ್ಲ.

ಗೋಡೆ ಕಟ್ಟಲು ಬಂದವನು ಹನುಮವ್ವನ ಗಂಡ ಯಮನಪ್ಪನೇ. ಅವನಿಗೆ ಆ ವಾರ ಬೇರೆ ಕೆಲಸ ಸಿಕ್ಕಿರಲಿಲ್ಲ. ಅವನು ಕೊನೆಯ ಕಲ್ಲು ಕೂಡಿಸುವಾಗ ಒಂಬತ್ತು ವರ್ಷದ ಮಗಳು ನೀಲವ್ವ ಆಚೆ ಕಡೆ ನಿಂತು ನೋಡುತ್ತಿದ್ದಳು.

ಉದ್ಯಾನ ಚೆಂದವಾಯಿತು. ಹೊಸ ಜೋಕಾಲಿ, ಹೊಸ ಜಾರುಬಂಡಿ, ಕಾಲಡಿಗೆ ಮೆತ್ತನೆಯ ಮರಳು. ಎಲ್ಲರೂ ಮಾಸ್ತರರನ್ನು ಹೊಗಳಿದರು. ಓಣಿಯ ಮಕ್ಕಳಿಗೆ ಮಾತ್ರ ಈಗ ಒಂದೇ ದಾರಿ ಉಳಿದಿತ್ತು. ಸುತ್ತುಹಾಕಿ, ದೊಡ್ಡ ರಸ್ತೆ ದಾಟಿ, ಮುಂದಿನ ಗೇಟಿಗೆ ಬರಬೇಕಿತ್ತು.

ಉದ್ಯಾನ ತೆರೆದ ಎರಡನೆಯ ವಾರ, ಶಾಲೆ ಬಿಟ್ಟ ಹೊತ್ತಿನಲ್ಲಿ, ರಸ್ತೆ ದಾಟುತ್ತಿದ್ದ ನೀಲವ್ವನಿಗೆ ಟೆಂಪೋ ಬಡಿಯಿತು.

ಎರಡು ತಿಂಗಳು ಅವಳು ಆಸ್ಪತ್ರೆಯಲ್ಲಿದ್ದಳು. ಜೀವ ಉಳಿಯಿತು, ಕಾಲೂ ಉಳಿಯಿತು. ಆದರೆ ಮೊಣಕಾಲು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದರು.

ಮೊಣಕಾಲಿನ ಸುದ್ದಿ ಕೇಳಿದ ದಿನ ಮಾಸ್ತರರಿಗೆ ಸಭೆಯ ಬಾಗಿಲಲ್ಲಿ ನಿಂತಿದ್ದ ಹನುಮವ್ವ ನೆನಪಾದಳು. ಸಂಜೆ ಮೊದಲ ಬಾರಿಗೆ ಗೌಂಡಿ ಓಣಿಗೆ ಹೋಗಿ ಹನುಮವ್ವನ ಮನೆಯ ಕಟ್ಟೆಯ ಮೇಲೆ ಕೂತರು.

"ಅವತ್ತು ನೀ ಏನು ಹೇಳಾಕ ಬಂದಿದ್ದಿ, ಹನುಮವ್ವಾ?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಬಾಳ ಏನಿಲ್ರಿ ಸರ. ಗೋಡಿ ಮುಚ್ಚಿದ್ರ ಹುಡುಗ್ರು ದೊಡ್ಡ ರಸ್ತಾ ದಾಟಬೇಕಾಗ್ತದ, ಒಂದು ಸಣ್ಣ ಗೇಟ್ ಇಡ್ರಿ ಅನ್ನಾಕ ಬಂದಿದ್ದೆ. ಅಷ್ಟ."

ಅವಳು ಬೈದಿದ್ದರೂ ಮಾಸ್ತರರಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮುಂದಿನ ಸಭೆಯನ್ನು ಅವರು ಅದೇ ಓಣಿಯಲ್ಲಿ ನಡೆಸಿದರು. ಬಡಾವಣೆಯ ಕೆಲವರು ಮುಖ ಸಿಂಡರಿಸಿದರು, ಕೆಲವರು ಬರಲೇ ಇಲ್ಲ. ಆದರೂ ಹಿಂದೆ ಗೇಟು ಇಡುವುದೆಂದು ತೀರ್ಮಾನವಾಯಿತು. ಯಮನಪ್ಪ ಹಾರೆ ಹಿಡಿದು ತಾನು ಕಟ್ಟಿದ ಗೋಡೆಯನ್ನು ತಾನೇ ಒಡೆದ.

ಗೇಟು ತೆರೆದ ಸಂಜೆ ಓಣಿಯ ಮಕ್ಕಳೆಲ್ಲ ಕೂಗುತ್ತ ಒಳಗೆ ನುಗ್ಗಿದರು. ಎಲ್ಲರಿಗಿಂತ ಹಿಂದೆ ನೀಲವ್ವ ಬಂದಳು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಅವ್ವನ ಕೈ. ಮಕ್ಕಳು ಕಣ್ಣಾಮುಚ್ಚಾಲೆ ಆಡೋಣವೆಂದರು.

"ನಾ ಎಣಸ್ತೀನಿ, ನೀವು ಅಡಗ್ರಿ" ಎಂದಳು ನೀಲವ್ವ.

ಬೇವಿನ ಮರಕ್ಕೆ ಹಣೆ ಹಚ್ಚಿ ಐವತ್ತರವರೆಗೆ ಎಣಿಸಿದಳು. ಎಣಿಕೆ ಮುಗಿಯಿತು. ಓಡಿ ಹುಡುಕಲು ಅವಳಿಂದ ಆಗಲಿಲ್ಲ. ನಿಂತಲ್ಲೇ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕೂಗತೊಡಗಿದಳು. ಸ್ವಲ್ಪ ಹೊತ್ತಿಗೆ ಮಕ್ಕಳು ತಾವಾಗಿಯೇ, ಒಬ್ಬರ ಹಿಂದೆ ಒಬ್ಬರು, ಅಡಗಿದ ಜಾಗದಿಂದ ಎದ್ದು ಅವಳ ಹತ್ತಿರ ಬಂದರು.

ಬೆಂಚಿನ ಮೇಲೆ ಕೂತಿದ್ದ ಮಾಸ್ತರರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ನೀತಿ: ಎಲ್ಲರನ್ನೂ ಕೇಳಿದ್ದೇವೆ ಎನ್ನುವ ಮೊದಲು ಬಾಗಿಲಲ್ಲಿ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಬೇಕು. ತಪ್ಪನ್ನು ಆಮೇಲೆ ತಿದ್ದಬಹುದು, ತಿದ್ದಲೇಬೇಕು. ಆದರೆ ಅಷ್ಟರೊಳಗೆ ಇನ್ನೊಬ್ಬರು ಕಳೆದುಕೊಂಡದ್ದನ್ನು ಯಾರಿಂದಲೂ ಮರಳಿ ಕೊಡಲಾಗದು.